ಶೌಕತನ ಎಡಗಾಲು

ಶೌಕತ ಅಲಿ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವ ಮಷಿನಿನ ಮೇಲೆ ಇಪ್ಪತ್ತಾರು ವರ್ಷ ನಿಂತವನು. ಬ್ಲೇಡಿನ ಹತ್ತಿರ ಅವನು, ನೀರಿನ ವಾಲ್ವಿನ ಹತ್ತಿರ ನನ್ನ ಗಂಡ. ಬ್ಲೇಡು ಕಾದರೆ ಶೌಕತ "ನೀರ್ ಬಿಡ್ರಿ ಅಣ್ಣಾ" ಎಂದು ಕೂಗಬೇಕು, ಅವರು ವಾಲ್ವು ತಿರುವಬೇಕು. ಇಬ್ಬರಿಗೂ ಸಕ್ಕರೆ ಕಾಯಿಲೆ. ಒಂದು ಚಹಾ ಇಬ್ಬರೂ ಹಂಚಿಕೊಂಡು, ಕಾಯಿಲೆಯೂ ಅರ್ಧರ್ಧ ಎಂದು ನಗುತ್ತಿದ್ದರು.

ಹೋದ ವರ್ಷ ನನ್ನ ಗಂಡನ ಪಾದಕ್ಕೆ ಕಲ್ಲಿನ ಚೂರು ತಾಗಿತು. ಆ ಮಷಿನಿನವರು ಗಾಯಕ್ಕೆ ಕಲ್ಲಿನ ಪುಡಿ ಮೆತ್ತುತ್ತಾರೆ. ಒಣಗಿದಂತೆ ಕಾಣುತ್ತದೆ. ಅವರೂ ಮೆತ್ತಿದರು. ನೋವಿಲ್ಲ ಎಂದರು. ನಾನು ನಂಬಿದೆ. ಒಳಗೇ ಕೊಳೆತು, ಆಸ್ಪತ್ರೆಯಲ್ಲಿ ಕಾಲು ತೆಗೆದರು. ಹದಿನೆಂಟನೇ ದಿನ ಅವರೂ ಹೋದರು.

ಯುಗಾದಿ ಆದ ಮೇಲೆ ಶೌಕತ, ಮಷಿನಿನ ಹತ್ತಿರ ಉಳಿದಿದ್ದ ನನ್ನ ಗಂಡನ ಊಟದ ಡಬ್ಬಿ ಕೊಡಲು ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಎಡಗಾಲಿನ ಹೆಬ್ಬೆರಳು ಪುಡಿ ಮೆತ್ತಿ ಬೆಳ್ಳಗಿತ್ತು.

"ಇದೇನೋ?"

"ಜರಾ ತರಚ್ಯದ ವೈನಿ. ನೋವೇ ಇಲ್ಲ."

"ಅವ್ರೂ ಹಿಂಗೇ ಅಂದಿದ್ರು. ಏಳು, ದವಾಖಾನಿಗಿ ನಡಿ."

"ಕಾಲ ಕೊಯ್ತಾರ ವೈನಿ."

"ನೀ ಕಲ್ಲ ಕೊಯ್ದಂಗ ಯಾರೂ ಕೊಯ್ಯಂಗಿಲ್ಲ. ಏಳು."

ದವಾಖಾನೆಯಲ್ಲಿ ಸರಿತಾ ಸಿಸ್ಟರ್ ಪುಡಿ ತೊಳೆದಳು. ಕೆಳಗೆ ಗಾಯದ ಅಂಚು ಕಪ್ಪಾಗಿತ್ತು.

"ಸಣ್ಣಾವಿದ್ದಾಗ ಇದೇ ಪುಡಿಲಿಂದ ಮಾಯ್ತಿತ್ತಲ್ರಿ?" ಎಂದ ಶೌಕತ.

"ಪುಡಿಲಿಂದ ಅಲ್ಲ, ರಕ್ತದಿಂದ ಮಾಯ್ತಿತ್ತು. ರಕ್ತನಾಳದ ಒಳಗ ತೆಳ್ಳನ ಜೀವಕೋಶದ ಪದರ ಅದ. ನಾಳ ಅಗಲ ಆಗು, ರಕ್ತ ಬಿಡು ಅಂತ ಅವೇ ಸುದ್ದಿ ಕಳಸ್ತಾವ. ಸಕ್ಕರಿ ಭಾಳ ದಿನ ಏರೇ ಇದ್ರ ಆ ಕೋಶ ಕೆಡ್ತಾವ, ಸುದ್ದಿ ಸರಿಯಾಗಿ ಮುಟ್ಟಂಗಿಲ್ಲ. ನಾಳ ಬಿಗೀತದ, ಗಾಯಕ್ಕ ರಕ್ತ ಸಾಲಂಗಿಲ್ಲ. ನರಾನೂ ಕೆಟ್ಟಾವ, ಅದಕ್ಕೇ ನಿಮಗ ನೋವಿಲ್ಲ."

ಶೌಕತ ತನ್ನ ಹೆಬ್ಬೆರಳು ಮುಟ್ಟಿ ನೋಡಿದ. ಆಮೇಲೆ, "ಅಂದ್ರ ಕೂಗವನ ದನಿ ಬಿದ್ದದ. ವಾಲ್ವಿನ ಹತ್ರ ಇದ್ದವ್ರಿಗಿ ಕೇಳಂಗಿಲ್ಲ" ಎಂದ.

ನಾನು ಗೋಡೆ ನೋಡಿದೆ.

"ದನಿ ಪೂರಾ ಬಿದ್ದಿಲ್ಲ" ಎಂದಳು ಸರಿತಾ. "ಸಕ್ಕರಿ ಇಳಿಸ್ರಿ, ಬೀಡಿ ಬಿಡ್ರಿ. ನೋಡಮು."

ಸೂಜಿ, ಗುಳಿಗೆ, ಸಪ್ಪೆ ಚಹಾ. ಬೀಡಿ ಬಿಡಲು ವಾರವೆಲ್ಲ ಗೊಣಗಿದ. ಮಂಗಳವಾರ, ಶನಿವಾರ ಪಟ್ಟಿ ಬದಲಿಸಲು ನಾನೇ ಜೊತೆಗೆ ಹೋದೆ.

"ವೈನಿ, ನೀವು ನನ್ನ ಕಾಲ ನೋಡ್ತೀರಿ, ಮಂದಿ ನಮ್ಮನ್ನ ನೋಡ್ತದ."

"ನೋಡ್ಲಿ. ಕಾಲ ಉಳದ್ರ ಅದನ್ನೂ ನೋಡ್ಲಿ."

ಆರನೇ ವಾರ ಪಟ್ಟಿ ಬಿಚ್ಚಿದಾಗ ಹತ್ತಿ ಕೆಂಪಾಗಿ ಬಂತು. "ಮತ್ತ ಕೆಟ್ಟತೇನ್ರಿ?" ಎಂದೆ ನಾನು. ಸರಿತಾ ನಕ್ಕಳು.

"ಯಾಕ ಹೆದರ್ತೀರಿ? ಇಷ್ಟ ದಿನ ಇಲ್ಲಿ ರಕ್ತಾನೇ ಸಾಲ್ತಿದ್ದಿಲ್ಲ. ಈಗ ಬರ್ಲಿಕತ್ತದ. ಕೆಂಪು ಮಾಂಸ ಬೆಳಿಲಿಕತ್ತದ. ಕಾಲ ಉಳೀತದ."

ಶೌಕತ ಮಷಿನಿನ ಮುಂದೆ ನಿಂತವನಂತೆ ಕೂಗಿದ, "ನೀರ್ ಬಂತ್ರಿ ಅಣ್ಣಾ!"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆ ಕೂಗಿಗೆ ಓಗೊಡುವವರು ಇರಲಿಲ್ಲ.

"ಹೂಂ, ಬಂತಪ" ಎಂದೆ ನಾನೇ.