ವಾಮದೇವಪ್ಪನವರ ಆಟ

ಹದಡಿಯ ನಮ್ಮ ಶಾಲೆಗೆ ಪ್ರತಿ ಶನಿವಾರ ಹರಿಹರದಿಂದ ಬಸ್ ಹತ್ತಿ ಬರುವ ವಾಮದೇವಪ್ಪನವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಮೂವತ್ತು ವರ್ಷ ಫ್ಯಾಕ್ಟರಿಯಲ್ಲಿ ಫಿಟರ್ ಆಗಿದ್ದವರು. ಸಂಬಳವಿಲ್ಲ, ಸನ್ಮಾನವಿಲ್ಲ, ಚೀಲದ ತುಂಬ ಅರ, ಸುತ್ತಿಗೆ, ಹಳೇ ಸೈಕಲ್ಲಿನ ಸಾಮಾನು. ಕಾಲು ಅಲ್ಲಾಡುವ ಒಂದು ಬೆಂಚಿನ ಸುತ್ತ ಏಳನೇ ತರಗತಿಯ ಮಕ್ಕಳನ್ನು ನಿಲ್ಲಿಸಿಕೊಂಡು ಏನಾದರೊಂದು ಯಂತ್ರ ಮಾಡಿಸುತ್ತಾರೆ. ತಾವು ಮಾತ್ರ ಏನನ್ನೂ ಮುಟ್ಟುವುದಿಲ್ಲ. ಕೈ ಕಟ್ಟಿ ನಿಂತ ಆ ಭಂಗಿ ಕಂಡರೇ ನನಗೆ ಮೈ ಉರಿಯುತ್ತಿತ್ತು.

ನಾನು ಪಕ್ಕದ ಕೋಣೆಯಲ್ಲಿ ಕನ್ನಡ ಪಾಠ ಮಾಡುವವಳು. ಗೋಡೆಯಾಚೆಯಿಂದ ಯಾವಾಗಲೂ ಒಂದೇ ಮಾತು: "ಆಟ ಸಾಲ್ದು, ಇನ್ನೊಂದೀಟು ಆಟ ಇರ್ಲಿ." ಪರೀಕ್ಷೆ ಹತ್ತಿರ ಬಂದಾಗ ಇದೆಂಥ ಆಟ ಎಂದು ಮುಖ್ಯೋಪಾಧ್ಯಾಯಿನಿ ಸುಧಾ ಮೇಡಂ ಹತ್ತಿರ ಚಾಡಿ ಹೇಳಿದವಳು, ಮುಚ್ಚುಮರೆ ಯಾಕೆ, ನಾನೇ. ಇನ್ನು ಬರುವುದು ಬೇಡವೆಂದು ಮೇಡಂ ಪತ್ರ ಬರೆದು, ಆ ಶನಿವಾರ ಕೈಯಾರೆ ಕೊಡಲು ಅವರ ಕೋಣೆಗೆ ಹೊರಟರು. ನಾನೂ ಹಿಂದೆಯೇ ಹೋದೆ.

ಬಿಂದು ಎಂಬ ಹುಡುಗಿ ಮೆಕ್ಕೆಜೋಳದ ಕಾಳು ಬಿಡಿಸುವ ಕೈಯಂತ್ರವನ್ನು ಆಗಷ್ಟೇ ಜೋಡಿಸಿದ್ದಳು. ತೆನೆ ಬಿಡಿಸಿ ಬಿಡಿಸಿ ಅವಳ ಅವ್ವ ಕೊಟ್ರವ್ವನ ಹೆಬ್ಬೆರಳು ಒಡೆದು ಹೋಗಿತ್ತು. ಅದಕ್ಕೇ ಈ ಯಂತ್ರ. ಆದರೆ ಹಿಡಿಕೆ ಜಪ್ಪಯ್ಯ ಅಂದರೂ ತಿರುಗಲಿಲ್ಲ. ಹುಡುಗಿಯ ಕಣ್ಣು ತುಂಬಿ ಬಂತು. ವಾಮದೇವಪ್ಪನವರು ಆಗಲೂ ಕೈ ಚಾಚಲಿಲ್ಲ. ಏನು ಕಮ್ಮಿಯಾಗಿದೆ ನೋಡು ಎಂದರು, ಅಷ್ಟೇ.

ಅವಳು ಹಿಡಿಕೆಯ ಸರಳನ್ನು ಅದು ಕೂರುವ ತೂತಿನಿಂದ ಎಳೆದು ತಿರುಗಿಸಿ ತಿರುಗಿಸಿ ನೋಡಿದಳು.

"ಆಟ ಇಲ್ರಿ ಸರ್. ಬಿಗಿಯಾಗಿ ಕುಂತೈತೆ."

ಅರ ಹಿಡಿದು ತೂತನ್ನು ಉಜ್ಜಿದಳು, ಸರಳು ಹಾಕಿ ನೋಡಿದಳು, ಮತ್ತೆ ಉಜ್ಜಿದಳು. ಮೂರನೇ ಸಲ ಹಿಡಿಕೆ ತಿರುಗಿತು. ಕಾಳು ಪಟಪಟ ಬೆಂಚಿನ ಮೇಲೆ ಉದುರಿದವು.

ಆಟವೆಂದರೆ ಸರಳಿಗೂ ತೂತಿಗೂ ನಡುವೆ ಬಿಡುವ ಕೂದಲೆಳೆಯಷ್ಟು ಜಾಗ. ಅದಿಲ್ಲದೆ ಯಾವ ಯಂತ್ರವೂ ತಿರುಗದು. ಇಪ್ಪತ್ತು ವರ್ಷ ಕನ್ನಡ ಕಲಿಸಿದ ನನಗೆ ಈ ಕನ್ನಡ ಗೊತ್ತಿರಲಿಲ್ಲ. ಕೈ ಕಟ್ಟಿ ನಿಲ್ಲುವುದು ಎಷ್ಟು ಕಷ್ಟದ ಕೆಲಸವೆಂದೂ ಗೊತ್ತಿರಲಿಲ್ಲ. ಸತ್ಯವಾಗಿ ಹೇಳುತ್ತೇನೆ, ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಸುಧಾ ಮೇಡಂ ಕೈಯಲ್ಲಿದ್ದ ಪತ್ರವನ್ನು ಎರಡು ಮಡಿಕೆ, ನಾಲ್ಕು ಮಡಿಕೆ ಮಾಡಿದರು. ಬಗ್ಗಿ, ಬೆಂಚಿನ ಅಲ್ಲಾಡುವ ಕಾಲಿನಡಿ ತುರುಕಿದರು.

"ಇಲ್ಲಿ ಆಟ ಜಾಸ್ತಿ ಆಗಿತ್ತು ನೋಡ್ರಿ ಸರ್."

ವಾಮದೇವಪ್ಪನವರು ಬೆಂಚನ್ನು ಅಲ್ಲಾಡಿಸಿ ನೋಡಿ, ಸರಿಯಾಯಿತೆಂದು ತಲೆಯಾಡಿಸಿದರು. ಆ ಕಾಗದದಲ್ಲಿ ಏನಿತ್ತೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ.