ದೂರದಿಂದ ಬಂದವರು

ಒಂಟಿಕೊಪ್ಪಲಿನ ನಮ್ಮ ಎದುರುಮನೆಯಲ್ಲಿ ರವಿಕೆ ಹೊಲಿಯುವ ಅಕ್ಕ ಒಬ್ಬರಿದ್ದರು. ಅವರ ಕೈಗೆ ಸದಾ ಮೆಂತ್ಯದ ವಾಸನೆ. ಹೊಲಿಗೆ ಮುಗಿದ ಮೇಲೆ, ನೆನೆಸಿದ ಪೇಪರಿಗೆ ಮೆಂತ್ಯದ ಹಿಟ್ಟು ಕಲಸಿ, ಮೊಬೈಲಿನಲ್ಲಿ ಕಂಡ ದೇಶದೇಶದ ದೇವರುಗಳನ್ನು ಮಾಡುತ್ತಿದ್ದರು. ದಸರೆಗೆ ಅವರ ಮನೆಯಲ್ಲಿ ಬೊಂಬೆ ಕೂರಿಸುವ ಮೆಟ್ಟಿಲ ಮೇಲೆ ಪಟ್ಟದ ಬೊಂಬೆಗಳ ಪಕ್ಕದಲ್ಲೇ ನರಿಮುಖದ ಈಜಿಪ್ಟಿನ ದೇವರು, ಕೂಸನ್ನೆತ್ತಿಕೊಂಡ ಮೇರಿ, ರೆಕ್ಕೆಯ ಕುದುರೆ. ನೋಡಲು ಬಂದವರು ಮುಸಿಮುಸಿ ನಕ್ಕರೆ, "ದೂರದಿಂದ ಬಂದವ್ರೆ ಕಣಮ್ಮ, ಆಚೆ ನಿಲ್ಸಕ್ಕಾಯ್ತದಾ?" ಎನ್ನುತ್ತಿದ್ದರು.

ಅಮ್ಮ ತೀರಿಕೊಂಡ ವರ್ಷ ನಮ್ಮ ಮನೆಯಲ್ಲಿ ಬೊಂಬೆ ಕೂರಿಸಲಿಲ್ಲ. ನನಗೆ ನಿದ್ದೆಯೂ ಬರುತ್ತಿರಲಿಲ್ಲ; ರಾತ್ರಿಯೆಲ್ಲ ಉರಿಯುವ ನನ್ನ ದೀಪ ಎದುರುಮನೆಗೂ ಕಾಣುತ್ತಿತ್ತು. ವಿಜಯದಶಮಿಯ ಸಂಜೆ ಅಕ್ಕ ಕೂಗಿ ಕರೆದರು. ಆರತಿಯಾದ ಮೇಲೆ ವಾಡಿಕೆಯಂತೆ ಬೊಂಬೆಗಳನ್ನು ಒಂದೊಂದಾಗಿ ಮಲಗಿಸಿ, ರವಿಕೆಯ ಚೂರುಗಳನ್ನು ಹೊದಿಸಿದರು. ನಾನೂ ಕೈಜೋಡಿಸಿದೆ. ಕೊನೆಗೆ, ಮುಖವನ್ನೇ ಬಿಡಿಸದ ಒಂದು ಬೊಂಬೆ ಮಾತ್ರ ನಿಂತೇ ಇತ್ತು.

"ಇದು ಯಾವ ದೇವರಕ್ಕ?"

"ನಂಗೂ ಗೊತ್ತಿಲ್ಲ ಕಣಮ್ಮ. ಎಲ್ರೂ ಮಲಗಿದ್ಮೇಲೆ ಒಬ್ರಾದ್ರೂ ಎದ್ದಿರ್ಬೇಕಲ್ಲ, ಅದಕ್ಕೇ ಮಾಡ್ದೆ."

ಅದನ್ನೆತ್ತಿ ನನ್ನ ಮಡಿಲಲ್ಲಿಟ್ಟರು.

"ಮನೆಗೆ ತಗೊಂಡೋಗು. ಇವ್ರು ಎದ್ದಿರ್ತಾರೆ. ನೀನು ಮಲಕ್ಕೊ."