ಲಾಭ, ಎರಡು, ಮೂರು

ಇಳಕಲ್ ಸಂತೆಯಲ್ಲಿ ಇವತ್ತು ಒಬ್ಬ ಮುದುಕ ಜೋಳ ಅಳೆಯುತ್ತಿದ್ದ. ಮೊದಲ ಸೇರಿಗೆ ‘ಒಂದು’ ಎನ್ನದೆ ‘ಲಾಭ’ ಎಂದ. ನಮ್ಮ ಕಡೆಯ ಹಳೆಯ ರೂಢಿ. ಹೊಸ ಜೋಳದ ಧೂಳು ಮೂಗಿಗೆ ಬಡಿದದ್ದೇ ತಡ, ನಾನು ಹುನಗುಂದದ ಸಂಡೇ ಸ್ಕೂಲಿನ ಚಾಪೆಯ ಮೇಲಿದ್ದೆ.

ಸುಗ್ಗಿ ಹಬ್ಬಕ್ಕೆ ನಾವು ಗಂಟಲು ಹರಿಯುವಂತೆ ಹಾಡುತ್ತಿದ್ದೆವು:

ಲಾಭ, ಎರಡು, ಮೂರೆಂದು ಅಳೆ,
ಕರ್ತನು ಕೊಟ್ಟನು ಈ ಬೆಳೆ.

ಚರ್ಚಿನ ಹಾಡಿನ ಪುಸ್ತಕದಲ್ಲಿ ಇದರ ಕೆಳಗೆ ಒಬ್ಬ ಬಿಳಿ ಪಾದ್ರಿ ದೊರೆಯ ಹೆಸರಿತ್ತು. ಅಜ್ಜಿ ಒಪ್ಪುತ್ತಿರಲಿಲ್ಲ. “ನಮ್ಮಪ್ಪ ಕಣದಾಗ ಎತ್ತು ಹೊಡಕೋತ ಕಟ್ಟಿದ ಹಾಡದು. ಅಪ್ಪಗ ಅಕ್ಷರ ಬರತಿದ್ದಿಲ್ಲ, ದೊರಿ ಬರಕೊಂಡ. ಬರಕೊಂಡಾವನ ಹೆಸರು ಉಳೀತು.”

ನಾನು ಮಾಸ್ತರರ ಮುಂದೆ ವಾದ ಹೂಡಿದೆ. “ಸರ್, ರಾಶಿ ಅಳಿಯೂಮುಂದ ಒಂದಕ್ಕ ಲಾಭ ಅಂತಾರಂತ ದೊರಿಗೆ ಹೆಂಗ ಗೊತ್ತರಿ? ಇದು ನಮ್ಮ ಮುತ್ತಜ್ಜನ ಹಾಡರಿ.”

ಮಾಸ್ತರರು ಕನ್ನಡಕ ಏರಿಸಿ ಆ ಸಾಲನ್ನು ಎರಡು ಸಲ ಓದಿದರು. “ಖರೆ ಐತಿ ಬಿಡವ್ವಾ. ದೊರಿ ಸಾಹೇಬ್ರು ಹಂಗ ಬರದಿರಂಗಿಲ್ಲ. ಅಚ್ಚಿನ ತಪ್ಪಿರಬೇಕು.”

ಮುಂದಿನ ಮುದ್ರಣದಲ್ಲಿ ‘ಒಂದು, ಎರಡು, ಮೂರೆಂದು ಅಳೆ’ ಎಂದಾಯಿತು. ಪ್ರಾಸಕ್ಕೆ ಏನೂ ಆಗಲಿಲ್ಲ. ಮುತ್ತಜ್ಜನದೆನ್ನಲು ಇದ್ದ ಒಂದೇ ಗುರುತು ಹೋಯಿತು.

ಆ ವರ್ಷದ ಹಬ್ಬದಲ್ಲಿ ಅಜ್ಜಿ ಆ ಹಾಡಿಗೆ ದನಿಗೂಡಿಸಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಒಂದೇ ಮಾತಂದಳು: “ಭಾಳ ಶಾಣ್ಯಾಕಿ ಆದಿ ನೋಡು ನೀ.”

ಆ ಹೊಸ ಮುದ್ರಣದ ಪುಸ್ತಕ ಈಗಲೂ ನನ್ನ ಕಪಾಟಿನಲ್ಲಿದೆ. ದೊರೆಯ ಹೆಸರಿನ ಕೆಳಗೆ ಇನ್ನೊಂದು ಹೆಸರು ಸೇರಿದೆ. ತಿದ್ದಿದವರು, ನಮ್ಮ ಮಾಸ್ತರರು.